ಬೋಟ್ ಕ್ಯಾಬಿನ್‌ಗೆ ಎಸಿ: ಮರೈನ್ ಎಸಿಯೋ, ಛಾವಣಿ ಎಸಿಯೋ?

ಶರಾವತಿ ಹಿನ್ನೀರಿನಲ್ಲಿ ಏಪ್ರಿಲ್ ಮಧ್ಯಾಹ್ನ ಸಣ್ಣ ಪವರ್‌ಬೋಟಿನ ಕ್ಯಾಬಿನ್ ಒಳಗೆ ಕೂರಲು ಆಗುವುದಿಲ್ಲ, ಅಲ್ವಾ? ಎಸಿಗೆ ಮುಖ್ಯವಾಗಿ ಎರಡು ದಾರಿ.

ಮರೈನ್ ಎಸಿ ಬೋಟಿನ ತಳದ ತೂತಿನಿಂದ ನೀರೆಳೆದು, ಎಸಿಯ ಬಿಸಿ ಹೊರಹಾಕುವ ಭಾಗವಾದ ಕಂಡೆನ್ಸರ್ ಮೂಲಕ ಹಾಯಿಸಿ ಹೊರಗೆ ಬಿಡುತ್ತದೆ. ಬಿಸಿಯೆಲ್ಲ ನೀರಿನ ಜೊತೆ ಹೋಗುತ್ತದೆ. ಯಂತ್ರ ಸೀಟಿನ ಕೆಳಗೆ ಅಡಗುತ್ತದೆ. ಸಮುದ್ರದಲ್ಲಾದರೆ ಉಪ್ಪಿನ ಕಾಟ, ನಮ್ಮದು ಸಿಹಿನೀರು. ನಮ್ಮ ತೊಂದರೆಯೇ ಬೇರೆ. ಎಸಿ ಬೇಕಾಗುವ ಬೇಸಿಗೆಯಲ್ಲೇ ಲಿಂಗನಮಕ್ಕಿ ಅಣೆಕಟ್ಟಿನ ಈ ಹಿನ್ನೀರು ಇಳಿಯುತ್ತದೆ. ದಡದ ಹತ್ತಿರ ನಿಲ್ಲಿಸಿದರೆ ಕೆಸರು, ಕೊಳೆತ ಎಲೆ ಬಂದು ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ನೀರು ನಿಂತರೆ ಎಸಿಯೂ ನಿಲ್ಲುತ್ತದೆ. ಜಾಲರಿಯನ್ನು ಆಗಾಗ ತೊಳೆಯಲೇಬೇಕು.

ಛಾವಣಿಯ 12 ವೋಲ್ಟ್ ಎಸಿಗೆ ತಳದಲ್ಲಿ ತೂತು ಬೇಡ, ಪಂಪೂ ಬೇಡ. ಆದರೆ 500 ವ್ಯಾಟ್ ಎಳೆದರೆ 40 ಆಂಪಿಯರ್‌ಗಿಂತ ಜಾಸ್ತಿ ಆಯಿತು. 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ನಾಲ್ಕೈದು ಗಂಟೆ ಬರಬಹುದು. ತೂಕ ಮೇಲಿರುವುದರಿಂದ ಬೋಟ್ ಸ್ವಲ್ಪ ಜಾಸ್ತಿ ಓಲಾಡುತ್ತದೆ.

ಹಗಲು ಮೂರ್ನಾಲ್ಕು ಗಂಟೆ ಸುತ್ತಾಡುವವರಿಗೆ ನಾನು ಛಾವಣಿಯದನ್ನೇ ಹೇಳುತ್ತೇನೆ. ರಾತ್ರಿ ಬೋಟಿನಲ್ಲೇ ಮಲಗುವವರು, ದಡದಿಂದ 230 ವೋಲ್ಟ್ ಕರೆಂಟ್ ಸಿಗುವುದಾದರೆ ಮರೈನ್ ಎಸಿ ಹಾಕಿಸಿ.

ಯಾವುದಾದರೂ ಸುಮ್ನೆ ದೊಡ್ಡದು ತರಬೇಡಿ. ಅದು ಬೇಗ ತಣಿಸಿ ಆಫ್ ಆಗುತ್ತದೆ, ಮಲೆನಾಡಿನ ತೇವ ಒಳಗೇ ಉಳಿಯುತ್ತದೆ. ಪೆಟ್ರೋಲ್ ಜನರೇಟರ್ ಓಡಿಸಿಕೊಂಡು ಕ್ಯಾಬಿನ್ನಿನಲ್ಲಿ ಮಲಗಲೇಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.