ಬಳ್ಳಾರಿ ಬಿಸಿಲಲ್ಲಿ ಹಳೆ ತೇಗ-ಬೆತ್ತದ ಕುರ್ಚಿ: ವರ್ಷಗಳ ಬಳಕೆಯ ಮೇಲೆ

ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ ಫೋಮ್ ಸೋಫಾ ಮೇಲೆ ಕೂತರೆ ಅಂಗಿ ಬೆನ್ನಿಗೆ ಅಂಟುತ್ತದೆ. ನಮ್ಮ ಬೆತ್ತದ ಕುರ್ಚಿಗಳಲ್ಲಿ ಆ ಕಷ್ಟ ಇಲ್ಲ, ಫ್ಯಾನ್ ಗಾಳಿ ಹಿಂದಿನಿಂದಲೂ ಆಡುತ್ತದೆ. ಕೊಂಡು ನಾಲ್ಕೈದು ವರ್ಷ ಆಯ್ತು. ಇವತ್ತಿಗೂ ಮನೆಯಲ್ಲಿ ಎಲ್ಲರೂ ಮೊದಲು ಹಿಡಿಯೋದು ಅದೇ ಜಾಗ.

ಇವು ಚಂಡೀಗಢ ಮಾದರಿಯವು. 1950ರ ದಶಕದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಜತೆ ಆ ನಗರ ಕಟ್ಟಲು ಬಂದ ಅವರ ಸಂಬಂಧಿ, ವಾಸ್ತುಶಿಲ್ಪಿ ಪಿಯರ್ ಜೀನ್ನರೆ ಅಲ್ಲಿನ ಕಚೇರಿ, ಕಾಲೇಜುಗಳಿಗೆ ಇಂಥವನ್ನು ಮಾಡಿಸಿದರು. ಮುಂದೆ ಆ ಕಚೇರಿಗಳವರೇ ಹಳೆಯವನ್ನು ಗುಜರಿ ಲೆಕ್ಕದಲ್ಲಿ ಮಾರಿದರು, ವಿದೇಶಿ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅಸಲಿಗಳ ಮಾರಾಟ, ರಫ್ತಿಗೆ ತಡೆ ಹಾಕಿತು. ಹಾಗಾಗಿ ಅಗ್ಗಕ್ಕೆ ‘ಒರಿಜಿನಲ್’ ಕೊಡ್ತೀವಿ ಅಂದರೆ ನಂಬಬೇಡಿ. ಕುರ್ಚಿಯ ಹಿಂಭಾಗದಲ್ಲಿ ಬಿಳಿ ಬಣ್ಣದಲ್ಲಿ ಕಚೇರಿ ಹೆಸರು, ನಂಬರ್ ಇದ್ದರೂ ಅಷ್ಟೇ. ಆ ಅಕ್ಷರ ಹೊಡೆಯೋಕೆ ಒಂದು ತಗಡಿನ ಅಚ್ಚು ಸಾಕು.

ನಾನು ಕಟ್ಟಿಗೆ ನೋಡಿ ತಗೊಂಡೆ. ಜೋಡಿಗೆ 34 ಸಾವಿರ, ಲಾರಿ ಬಾಡಿಗೆ ಬೇರೆ. ಕಾಲು ಸೇರುವ ಕಡೆ ಮೊಳೆ ಇಲ್ಲ, ಒಂದರ ತುದಿ ಇನ್ನೊಂದರ ತೂತಿನಲ್ಲಿ ಕೂತಿದೆ. ಒಣ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ಒಂದು ಕಾಲು ಕಿರ್ ಅನ್ನೋಕೆ ಶುರುವಾಯ್ತು. ಕೌಲ್ ಬಜಾರಿನ ಬಡಗಿ ಅದನ್ನು ಬಿಚ್ಚಿ, ಹಳೆ ಅಂಟು ಕೆರೆದು ತೆಗೆದು, ಫೆವಿಕಾಲ್ ಹಾಕಿ ಬಿಗಿದು ಕೊಟ್ಟರು. ಮತ್ತೆ ಸದ್ದಿಲ್ಲ. ಸ್ಕ್ರೂ ಹೊಡೆದ ಹೊಸ ಕುರ್ಚಿಗೆ ಈ ಭಾಗ್ಯ ಇಲ್ಲ, ತೂತು ಸಡಿಲಾದರೆ ಮತ್ತೆ ಬಿಗಿ ಮಾಡೋದು ಕಷ್ಟ.

ಬೇಜಾರಾಗಿದ್ದು ಬೆತ್ತದ ವಿಷಯಕ್ಕೆ. ಎರಡಕ್ಕೂ ಅಸಲಿ ಬೆತ್ತ ಅಂತ ಹೇಳಿ ಮಾರಿದ್ದರು. ಒಂದರದ್ದು ಪ್ಲಾಸ್ಟಿಕ್! ಮೊದಲ ಬೇಸಿಗೆಗೇ ಜೋತುಬಿತ್ತು. ಫೋಟೋ ಕಳಿಸಿದೆ, ಉತ್ತರವೇ ಬರಲಿಲ್ಲ. ಕೊಳ್ಳುವಾಗ ಕುರ್ಚಿ ಮಗುಚಿ ನೋಡಿ. ಅಸಲಿ ಬೆತ್ತದ ಮೇಲ್ಮೈ ಹೊಳೆಯುತ್ತದೆ, ಕೆಳಮೈ ಒರಟು, ಬಣ್ಣ ಅಲ್ಲಲ್ಲಿ ಹೆಚ್ಚುಕಡಿಮೆ. ಪ್ಲಾಸ್ಟಿಕ್ಕು ಎರಡೂ ಕಡೆ ಒಂದೇ ತರ.

ಮತ್ತೆ ಹೆಣೆದು ಕೊಟ್ಟವರು ರಾಯಚೂರಿನ ಒಬ್ಬ ಹಿರಿಯರು. ಕಣ್ಣು ಕಾಣಲ್ಲ. ಸರ್ಕಾರಿ ಕಚೇರಿ ಕುರ್ಚಿಗಳಿಗೆ ಬೆತ್ತ ಹೆಣೆಯೋದೇ ಅವರ ಕಸುಬಾಗಿತ್ತು. ಉದ್ದಕ್ಕೆ ಎರಡೆಳೆ, ಅಡ್ಡಕ್ಕೆ ಎರಡೆಳೆ, ಆಮೇಲೆ ಓರೆಯಾಗಿ ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಪ್ರತಿ ಎಳೆಯನ್ನೂ ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡುತ್ತಿದ್ದರು. ಹೆಣಿಗೆಯಲ್ಲಿ ಎಲ್ಲೂ ಒಂದು ಕಣ್ಣು (ತೂತು) ತಪ್ಪಿಲ್ಲ. “ಬೆತ್ತಕ್ಕ ನೀರು ಕುಡಿಸ್ಬೇಕಪಾ, ಮ್ಯಾಲಿಂದ ಅಲ್ಲ, ಕೆಳಗಿಂದ” ಅಂದರು. ಹೊಳೆಯುವ ಮೈ ನೀರು ಹೀರಲ್ಲ, ಒರಟು ಮೈ ಹೀರುತ್ತದೆ. ಬೇಸಿಗೆಯಲ್ಲಿ ಆಗಾಗ ರಾತ್ರಿ ಕೆಳಗಿನಿಂದ ಒದ್ದೆ ಬಟ್ಟೆ ಒತ್ತುತ್ತೇನೆ. ಬೆಳಿಗ್ಗೆ ಒಣಗುವಷ್ಟರಲ್ಲಿ ಜೋತಿದ್ದು ಬಿಗಿದಿರುತ್ತದೆ. ಒಣಗೋ ತನಕ ಯಾರೂ ಕೂರಬಾರದು ಅಷ್ಟೆ.

ನಮ್ಮೂರ ಕೆಂಪು ಧೂಳು ಬೆತ್ತದ ಕಣ್ಣಲ್ಲಿ ಕೂರುತ್ತದೆ. ಒಣಗಿದ ಪೇಂಟ್ ಬ್ರಷ್‌ನಿಂದ ಕೊಡವಿದರೆ ಹೋಗುತ್ತೆ.

ಈಗ ಇವಕ್ಕೆ ಹೊಂದುವ ಗಿಡ್ಡ ಟೇಬಲ್ ಹುಡುಕುತ್ತಿದ್ದೇನೆ. ತೇಗದ್ದೇ ಇರಬೇಕು, ಮೇಲೆ ಸನ್‌ಮೈಕಾ ಅಂಟಿಸಿರಬಾರದು. ಬಳ್ಳಾರಿ, ಕೊಪ್ಪಳ ಕಡೆ ಯಾರ ಹತ್ತಿರನಾದರೂ ಇದ್ದರೆ ತಿಳಿಸಿ, ನಾನೇ ಬಂದು ನೋಡ್ತೀನಿ.