ಕೋಟಿನ ಅಜ್ಜನ ವಿಮಾನ, ಕೆಂಪು ವಿಮಾನ

ವಿಸ್ತಾರಾ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದೊಳಗೆ ಸೇರಿಹೋದಾಗ ನಮ್ಮ ಕಚೇರಿಯ ಹುಡುಗರಿಗೆ ಎರಡೇ ಚಿಂತೆ: ಊಟ ಮೊದಲಿನಂತೆಯೇ ಇರುತ್ತದೆಯೇ, ಕೂಡಿಟ್ಟ ಪಾಯಿಂಟುಗಳು ಉಳಿಯುತ್ತವೆಯೇ. ಆ ಎರಡು ವಿಮಾನ ಸಂಸ್ಥೆಗಳೂ ಟಾಟಾ ಮನೆಯವೇ. ಬೇರೆ ಅಡುಗೆ ಮಾಡಿಕೊಂಡಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಒಲೆಗೆ ಬಂದಂತೆ. ನಾನು ಹತ್ತಿರದಿಂದ ಕಂಡ ವಿಲೀನ ಹಾಗಿರಲಿಲ್ಲ. ಅದು ಖಾನಾವಳಿಯನ್ನು ತಾರಾ ಹೋಟೆಲಿನವರು ಕೊಂಡಂತಿತ್ತು.

ಖಾನಾವಳಿ ಎಂದರೆ ಏರ್ ಡೆಕ್ಕನ್. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ್ದು. ತಾರಾ ಹೋಟೆಲು ಎಂದರೆ ವಿಜಯ್ ಮಲ್ಯರ ಕಿಂಗ್‌ಫಿಷರ್. ಅದು ಹಾರತೊಡಗಿದ್ದು 2005ರ ಮೇ ತಿಂಗಳಲ್ಲಿ. ಎರಡರ ಮೂಲವೂ ಬೆಂಗಳೂರೇ. ಎರಡರಲ್ಲೂ ನಾನು ಮೂರು ವರ್ಷ ಓಡಾಡಿದೆ. ಸ್ವಂತ ದುಡ್ಡಾದರೆ ಡೆಕ್ಕನ್, ಕಚೇರಿಯ ದುಡ್ಡಾದರೆ ಕಿಂಗ್‌ಫಿಷರ್. ಹೋಲಿಕೆಯ ಅರ್ಧ ಇಲ್ಲಿಗೇ ಮುಗಿಯಿತು ಅನ್ನಿ.

ಉಳಿದರ್ಧಕ್ಕೆ ಬೆಂಗಳೂರು–ಮುಂಬೈ ಮಾರ್ಗವನ್ನೇ ತೆಗೆದುಕೊಳ್ಳುತ್ತೇನೆ. ಏಕೆಂದರೆ ಅಲ್ಲಿ ಎರಡೂ ಏರ್‌ಬಸ್ ಎ320 ವಿಮಾನವನ್ನೇ ಹಾರಿಸುತ್ತಿದ್ದವು. ಯಂತ್ರ ಒಂದೇ, ಒಳಗಿನ ಸಂಸಾರ ಬೇರೆ. ಡೆಕ್ಕನ್ ಅದರಲ್ಲಿ 180 ಆಸನ ಹಾಕಿತ್ತು. ಕಿಂಗ್‌ಫಿಷರ್ ಅದಕ್ಕಿಂತ ಕಡಿಮೆ ಹಾಕಿ ಮೊಣಕಾಲಿಗೆ ಜಾಗ ಬಿಟ್ಟಿತ್ತು. ಡೆಕ್ಕನ್‌ನಲ್ಲಿ ಆಸನ ಸಂಖ್ಯೆಯೇ ಇಲ್ಲ. ಬಾಗಿಲು ತೆರೆದೊಡನೆ ಹುಬ್ಬಳ್ಳಿಯ ಹಳೆ ಬಸ್ ನಿಲ್ದಾಣದಲ್ಲಿ ಕಲಿತ ವಿದ್ಯೆಯೆಲ್ಲ ಪ್ರಯೋಜನಕ್ಕೆ ಬರುತ್ತಿತ್ತು. ಕಿಟಕಿಯಿಂದ ಟವೆಲ್ ಹಾಕುವುದೊಂದು ಬಿಟ್ಟು. ನನಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ಜನ ಬೇಗ ಹತ್ತಿ ಕುಳಿತರೆ ವಿಮಾನ ಬೇಗ ಹೊರಡುತ್ತದೆ, ದಿನಕ್ಕೆ ಒಂದು ಸುತ್ತು ಹೆಚ್ಚು ಹಾರುತ್ತದೆ, ಟಿಕೆಟ್ ಅಗ್ಗವಾಗುತ್ತದೆ. ಕಾಫಿ, ಸ್ಯಾಂಡ್‌ವಿಚ್ ಬೇಕಿದ್ದವರು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ನಾನು ಮನೆಯಿಂದಲೇ ಚಪಾತಿ ಸುತ್ತಿಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತವರೂ ಒಂದೊಂದು ಡಬ್ಬಿ ಬಿಚ್ಚುತ್ತಿದ್ದರು.

ಕಿಂಗ್‌ಫಿಷರ್‌ನ ಉಪಚಾರ ವಿಮಾನ ನಿಲ್ದಾಣದ ಹೊಸ್ತಿಲಲ್ಲೇ ಶುರು. ಕೆಂಪು ಉಡುಪಿನ ಹುಡುಗನೊಬ್ಬ ಬಂದು ನನ್ನ ಜಿಪ್ಪು ಕಿತ್ತ ಚೀಲವನ್ನು ಗೌರವದಿಂದ ಎತ್ತಿಕೊಂಡ ದಿನ ನಾನು ನಾಚಿಕೊಂಡು ಅವನ ಹಿಂದೆ ನಡೆದಿದ್ದೆ. ಒಳಗೆ ಪ್ರತಿ ಆಸನದ ಮುಂದೆ ಪುಟ್ಟ ಪರದೆ. ಅದರಲ್ಲಿ ಮಲ್ಯ ಅವರೇ ಬಂದು, ನಿಮ್ಮನ್ನು ನನ್ನ ಮನೆಯ ಅತಿಥಿಯಂತೆ ನೋಡಿಕೊಳ್ಳಲು ಹೇಳಿದ್ದೇನೆ ಎನ್ನುತ್ತಿದ್ದರು. ಬಿಸಿ ಊಟ, ಕೈಯೊರೆಸಲು ಬಟ್ಟೆ, ಚಿಕ್ಕ ಚೀಲದಲ್ಲಿ ಒಂದು ಪೆನ್ನು. ಒಂದೂಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ಊಟ ಮಾಡಬೇಕೋ ಪರದೆ ನೋಡಬೇಕೋ ತಿಳಿಯುವಷ್ಟರಲ್ಲಿ ಮುಂಬೈ ಬಂದುಬಿಡುತ್ತಿತ್ತು. ಸುಖಕ್ಕೆ ಅಂಕ ಕೊಡುವುದಾದರೆ ಡೆಕ್ಕನ್ ಹತ್ತಿರಕ್ಕೂ ಬರುವುದಿಲ್ಲ. ಆದರೂ ಬಿಲ್ಲು ನೋಡಿದಾಗಲೆಲ್ಲ, ಇದನ್ನು ನಾನೇ ಕೊಡಬೇಕಾಗಿದ್ದರೆ ಇಲ್ಲಿ ಕೂರುತ್ತಿದ್ದೆನೇ ಎಂದು ಅನ್ನಿಸುತ್ತಿತ್ತು. ಆ ವಿಮಾನದಲ್ಲಿದ್ದ ಎಷ್ಟು ಜನ ಸ್ವಂತ ಜೇಬಿನಿಂದ ಕೊಟ್ಟವರೋ!

ಹುಬ್ಬಳ್ಳಿ ಮಾರ್ಗದ ಕತೆಯೇ ಬೇರೆ. ಅಲ್ಲಿ ಡೆಕ್ಕನ್‌ಗೆ ನಿಜವಾದ ಪ್ರತಿಸ್ಪರ್ಧಿ ಇನ್ನೊಂದು ವಿಮಾನವಲ್ಲ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಮತ್ತು ರಾತ್ರಿ ಬಸ್ಸು. ಎಟಿಆರ್ ಎಂಬ ಪುಟ್ಟ ವಿಮಾನ, ಎರಡು ಪಂಖ. ಹಿಂದಿನ ಬಾಗಿಲಿನಿಂದ ಹತ್ತಬೇಕು. ರೆಕ್ಕೆ ಮೇಲ್ಗಡೆ ಇರುವುದರಿಂದ ಕೆಳಗಿನ ಹೊಲಗಳೆಲ್ಲ ಸೊಗಸಾಗಿ ಕಾಣುತ್ತವೆ. ಎ320ರಲ್ಲಿ ರೆಕ್ಕೆಯ ಪಕ್ಕ ಕುಳಿತವನಿಗೆ ಆ ಭಾಗ್ಯವಿಲ್ಲ. ಅವ್ವ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲಿಯೇ. ಮಡಿಲಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಕೈಯಲ್ಲಿ ನಾನು ಸೈಬರ್ ಕೆಫೆಯಲ್ಲಿ ಮುದ್ರಿಸಿಕೊಟ್ಟ ಟಿಕೆಟ್ ಹಾಳೆ. ಪಂಖ ತಿರುಗತೊಡಗಿದಾಗ ನನ್ನ ಮಣಿಕಟ್ಟು ಹಿಡಿದವಳು ತುಂಗಭದ್ರೆ ದಾಟುವವರೆಗೂ ಬಿಡಲಿಲ್ಲ. ಆಮೇಲೆ ಕಿಟಕಿಗೆ ಹಣೆ ಹಚ್ಚಿ, "ತಮ್ಮಾ, ಕೆರೆಯೆಲ್ಲ ಒಡೆದ ಕನ್ನಡಿ ಚೂರು ಚೆಲ್ಲಿದ ಹಾಗೆ ಇವೆಯಲ್ಲೋ" ಎಂದಳು. ಡೆಕ್ಕನ್ ಜಾಹೀರಾತುಗಳಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಇರುತ್ತಿದ್ದ: ಚೌಕಳಿ ಕೋಟು, ಧೋತರ, ಕನ್ನಡಕ. ಅವ್ವನಿಗೆ ಆ ಸಂಸ್ಥೆಯ ಹೆಸರು ಎಂದೂ ನೆನಪಿರಲಿಲ್ಲ. ಅದು 'ಕೋಟಿನ ಅಜ್ಜನ ವಿಮಾನ'.

2007ರಲ್ಲಿ ಮಲ್ಯರ ಸಮೂಹ ಸುಮಾರು 550 ಕೋಟಿ ರೂಪಾಯಿ ಕೊಟ್ಟು ಡೆಕ್ಕನ್‌ನ 26% ಪಾಲು ಕೊಂಡಿತು. ಒಗ್ಗೂಡಿದರೆ ಖರ್ಚು ಉಳಿಯುತ್ತದೆ, ದರ ಸಮರ ನಿಲ್ಲುತ್ತದೆ ಎಂಬ ಲೆಕ್ಕ ಎಲ್ಲರಿಗೂ ಅರ್ಥವಾಗುವಂಥದ್ದು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಲೆಕ್ಕ. ದೇಶದೊಳಗೆ 5 ವರ್ಷ ಹಾರಿ, 20 ವಿಮಾನ ಇಟ್ಟುಕೊಂಡ ಸಂಸ್ಥೆ ಮಾತ್ರ ವಿದೇಶಕ್ಕೆ ಹಾರಬಹುದು ಎಂಬ ನಿಯಮ ಆಗ ಇತ್ತು. ಕಿಂಗ್‌ಫಿಷರ್ ತನ್ನ ವಯಸ್ಸನ್ನೇ ನೆಚ್ಚಿದ್ದರೆ 2010ರವರೆಗೆ ಕಾಯಬೇಕು. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬುತ್ತಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಖಾನಾವಳಿಯ ಪರವಾನಗಿಯ ಮೇಲೆ ಲಂಡನ್ ಪ್ರಯಾಣ! ಆ ನಿಯಮವನ್ನು ಸರ್ಕಾರ 2016ರಲ್ಲಿ ಸಡಿಲಿಸಿತು; ವಿಸ್ತಾರಾ ಐದು ತುಂಬುವ ಮೊದಲೇ, 2019ರಲ್ಲಿ, ಸಿಂಗಪುರಕ್ಕೆ ಹೋದದ್ದು ಅದರಿಂದಲೇ.

ಸೇರಿದ ಮೇಲೆ ಡೆಕ್ಕನ್ ಮೊದಲು 'ಸಿಂಪ್ಲಿಫ್ಲೈ ಡೆಕ್ಕನ್' ಆಯಿತು, 2008ರಲ್ಲಿ 'ಕಿಂಗ್‌ಫಿಷರ್ ರೆಡ್' ಆಯಿತು. ಕೋಟಿನ ಅಜ್ಜ ಮರೆಯಾದ. ಆ ವರ್ಷವೇ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತ್ತು. ಹಾಗಾಗಿ ಟಿಕೆಟ್ ದರ ಏರಿದ್ದಕ್ಕೆ ವಿಲೀನವೊಂದನ್ನೇ ದೂರುವುದು ತಪ್ಪು. ಆದರೆ ಅಗ್ಗದ ಗಿರಾಕಿ ರೆಡ್ ಹತ್ತಿ, ಇದು ನನ್ನ ಹಳೆಯ ದರವಲ್ಲವಲ್ಲ ಎಂದ. ಸುಖದ ಗಿರಾಕಿ ಅದೇ ಕೆಂಪು ಬಣ್ಣ ನೋಡಿ ಹತ್ತಿ, ಪರದೆ ಎಲ್ಲಿ ಎಂದ. ಸಂಸ್ಥೆ ರೆಡ್ ಅನ್ನು ನಿಲ್ಲಿಸುವುದಾಗಿ 2011ರಲ್ಲಿ ಹೇಳಿತು. 2012ರ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಷರ್‌ನ ಪರವಾನಗಿ ಅಮಾನತಾಯಿತು.

ಈಗಿನ ಹುಡುಗರು, ಎರಡರಲ್ಲಿ ನಿಮಗೆ ಯಾವುದು ಇಷ್ಟವಾಗಿತ್ತು ಸಾರ್, ಎಂದು ಕೇಳುತ್ತಾರೆ. ಕೂರಲು ಕಿಂಗ್‌ಫಿಷರ್. ಊರಿಗೆ ಹೋಗಲು ಡೆಕ್ಕನ್. ನನ್ನದೇ ದುಡ್ಡಿನಿಂದ ಒಂದನ್ನು ಉಳಿಸಿಕೊಳ್ಳಿ ಎಂದಿದ್ದರೆ ಎರಡನೆಯದನ್ನು ಉಳಿಸಿಕೊಳ್ಳುತ್ತಿದ್ದೆ.

ಹೆಸರು ಬದಲಾದ ಮೇಲೆ ಅವ್ವನನ್ನು ಒಮ್ಮೆ ಬೆಂಗಳೂರಿಗೆ ಕರೆತಂದೆ. ಅದೇ ಎಟಿಆರ್, ಅದೇ ಹಿಂದಿನ ಬಾಗಿಲು, ಮೈಗೆ ಮಾತ್ರ ಕೆಂಪು ಬಣ್ಣ. ಮೆಟ್ಟಿಲ ಬಳಿ ನಿಂತು ವಿಮಾನವನ್ನು ಬಾಲದಿಂದ ಮೂಗಿನವರೆಗೆ ನೋಡಿದಳು. "ಇದು ನಮ್ಮದಲ್ಲ, ತಮ್ಮಾ. ಆ ಅಜ್ಜನದು ಎಲ್ಲಿದೆಯೋ ಕೇಳು" ಎಂದಳು. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಅದೇ ಇದು ಅವ್ವಾ, ಬಣ್ಣ ಹಚ್ಚಿದ್ದಾರೆ ಅಷ್ಟೇ, ಎಂದು ಹೇಳಿ ಹತ್ತಿಸಿದೆ.