ವಾಲ್ಪರೈಸೊ: ಮಂಡಿ ನೋವಿನವರ ಜೊತೆ ಬೆಟ್ಟದೂರು ಸುತ್ತುವುದು ಹೇಗೆ?

ಚಿಲಿಯ ವಾಲ್ಪರೈಸೊ ಬಗ್ಗೆ ಯಾರನ್ನೇ ಕೇಳಿ, ಮೊಬೈಲ್ ತೆಗೆದು ಬಣ್ಣದ ಮನೆಗಳ ಫೋಟೊ ತೋರಿಸುತ್ತಾರೆ. ಮೆಟ್ಟಿಲಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಈ ಬಂದರು ಊರಲ್ಲಿ ನಲವತ್ತಕ್ಕೂ ಜಾಸ್ತಿ ಗುಡ್ಡಗಳಿವೆ. ಸಮುದ್ರದ ಅಂಚಿಗೆ ಪಟ್ಟಿಯಷ್ಟು ಜಾಗ ಮಾತ್ರ ಸಮತಟ್ಟು. ಅದನ್ನು ಊರವರು ‘ಪ್ಲಾನ್’ ಅನ್ನುತ್ತಾರೆ. ಉಳಿದದ್ದೆಲ್ಲ ಏರು.

ನಾನು ಹೋಗಿದ್ದು ಅಮ್ಮನ ಜೊತೆ. ನನ್ನ ಗಂಡನ ಕೆಲಸದಿಂದಾಗಿ ನಾವಿರುವುದು ಸ್ಯಾಂಟಿಯಾಗೊದಲ್ಲಿ. ಅಮ್ಮ ಸಾಗರದಿಂದ ಬಂದಿದ್ದಳು. ಎಪ್ಪತ್ತು ದಾಟಿದೆ, ಎರಡೂ ಮಂಡಿ ಸವೆದಿವೆ. ಏರು, ಇಳಿಜಾರು ಅವಳಿಗೆ ಹೊಸದೇನಲ್ಲ, ಆದರೆ ಈಗ ಮನೆಯ ಮಹಡಿ ಹತ್ತುವಾಗಲೂ ಕಂಬಿ ಹಿಡಿಯುತ್ತಾಳೆ. ಹಾಗಾಗಿ ಇದು ಅಂಥವರನ್ನು ಕರೆದುಕೊಂಡು ಹೋಗುವವರಿಗಾಗಿ ಬರೆದದ್ದು. ಗಟ್ಟಿ ಕಾಲಿನವರು ಹೇಗೂ ಸುತ್ತಿಕೊಳ್ಳುತ್ತಾರೆ ಬಿಡಿ.

ಎಲ್ಲರೂ ಕೊಡುವ ಸಲಹೆ ಒಂದೇ: ಅಸೆನ್ಸೋರ್‌ನಲ್ಲಿ (ಗುಡ್ಡ ಹತ್ತಿಸುವ ಹಳಿಗಾಡಿ) ಹತ್ತಿ, ನಡೆದು ಇಳಿಯಿರಿ. ಮಂಡಿ ನೋವಿದ್ದವರನ್ನು ಕೇಳಿ ನೋಡಿ, ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಕಷ್ಟ. ನಾವು ಹತ್ತುವುದಕ್ಕೂ ಅಸೆನ್ಸೋರ್, ಇಳಿಯುವುದಕ್ಕೂ ಅಸೆನ್ಸೋರ್ ಅಂತ ಮಾಡಿಕೊಂಡೆವು. ನಡಿಗೆ ಏನಿದ್ದರೂ ಮೇಲಿನ ‘ಪಸೆಯೊ’ಗಳಲ್ಲಿ. ಅಂದರೆ ಗುಡ್ಡದ ಅಂಚಿಗೆ ಕಟೆಕಟೆ ಕಟ್ಟಿ, ಬೆಂಚು ಹಾಕಿ ಮಾಡಿರುವ ಸಮತಟ್ಟು ದಾರಿಗಳು. ಊರಿನ ಒಳ್ಳೊಳ್ಳೆ ನೋಟಗಳೆಲ್ಲ ಸಿಗುವುದು ಅಲ್ಲಿಂದಲೇ.

ಅಸೆನ್ಸೋರ್ ಅಂದರೆ ಗುಡ್ಡದ ಮೈಮೇಲೆ ಹಳಿ ಹಾಕಿ, ಉಕ್ಕಿನ ಹಗ್ಗದಲ್ಲಿ ಎಳೆಯುವ ಪುಟ್ಟ ಗಾಡಿ. ಮೊದಲನೆಯದು ಕನ್ಸೆಪ್ಸಿಯೋನ್, 1883ರಲ್ಲಿ ಶುರುವಾಯಿತು. ಒಂದು ಕಾಲಕ್ಕೆ ಮೂವತ್ತರ ಹತ್ತಿರ ಇದ್ದವಂತೆ. ಈಗ ಉಳಿದಿರುವುದು ಅದರ ಅರ್ಧದಷ್ಟು, ಅದರಲ್ಲೂ ಕೆಲವು ಸದಾ ದುರಸ್ತಿಯಲ್ಲಿ. ನಾವು ಅಂದುಕೊಂಡಿದ್ದ ಒಂದಕ್ಕೆ ಬೀಗ ಬಿದ್ದಿತ್ತು. ಯಾವುದು ಓಡುತ್ತಿದೆ ಅಂತ ಹೋದ ದಿನವೇ ಅಲ್ಲಿನವರನ್ನು ಕೇಳಿಕೊಳ್ಳುವುದು ವಾಸಿ. ನಾವು ಹೋದಾಗ ಟಿಕೆಟ್ 100 ಪೆಸೊ, ನಮ್ಮ ಹತ್ತು ರೂಪಾಯಿ ಹತ್ತಿರ. ಚಿಲ್ಲರೆ ಇಟ್ಟುಕೊಳ್ಳಿ.

ನಮಗೆ ಜಾಸ್ತಿ ಹಿಡಿಸಿದ್ದು ಎಲ್ ಪೆರಾಲ್. 1902ರದ್ದು. ಸೊಟೊಮಯೊರ್ ಚೌಕದ ಪಕ್ಕದಲ್ಲೇ, ನ್ಯಾಯಾಲಯದ ಹತ್ತಿರ ಇದರ ಬಾಗಿಲು. ಕಬ್ಬಿಣದ ತಿರುಗುಗೇಟು ದಾಟಿದರೆ ಮರದ ಕೋಣೆಯಂಥ ಗಾಡಿ. ಬಾಗಿಲು ಮುಚ್ಚಿ ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಮೇಲೆ ಯಂತ್ರ ಗುರ್ ಅನ್ನುತ್ತದೆ, ಕಾಲಡಿ ಹಲಗೆ ನಡುಗುತ್ತದೆ, ಗಾಡಿ ಒಂದು ಸಲ ಜಗ್ಗಿ ಮೇಲೇಳುತ್ತದೆ. ಎದುರಿನ ಹಳಿಯಲ್ಲಿ ಇನ್ನೊಂದು ಗಾಡಿ ಇಳಿದು ಬರುತ್ತಿರುತ್ತದೆ. ಎರಡನ್ನೂ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿದ ಲೆಕ್ಕ. ಇಳಿಯುವುದರ ಭಾರ ಹತ್ತುವುದನ್ನು ಎಳೆಯುತ್ತದೆ, ಮೋಟಾರಿಗೆ ಕೆಲಸ ಕಮ್ಮಿ. ನಾನು ಇದನ್ನು ವಿವರಿಸಲು ಹೊರಟೆ. ಅಮ್ಮ ಅಷ್ಟರಲ್ಲಿ, “ಗೊತ್ತಾಯ್ತು ಮಾರಾಯ್ತಿ, ರಾಟೆಗೆ ಎರಡೂ ಕಡೆ ಕೊಡ ಕಟ್ಟಿದ ಹಾಗೆ” ಅಂದಳು. ಒಂದು ನಿಮಿಷದ ಪ್ರಯಾಣ ಅಷ್ಟೇ. ಕಿಟಕಿಯಲ್ಲಿ ಮೊದಲು ಗೋಡೆ, ಆಮೇಲೆ ಮನೆಗಳ ಮಾಡು, ಆಮೇಲೆ ಕ್ರೇನುಗಳು, ಕೊನೆಗೆ ಇಡೀ ಬಂದರು.

ಮೇಲೆ ಇಳಿದ ತಕ್ಷಣ ಪಸೆಯೊ ಯುಗೊಸ್ಲಾವೊ. ಅಲ್ಲೇ ಬಬುರಿಝಾ ಅರಮನೆ, ಈಗ ಕಲಾ ಮ್ಯೂಸಿಯಂ. 1916ರಲ್ಲಿ ಇಟಲಿ ಮೂಲದ ಕುಟುಂಬಕ್ಕಾಗಿ ಕಟ್ಟಿದ್ದು, ಆಮೇಲೆ ನೈಟ್ರೇಟ್ (ಗೊಬ್ಬರಕ್ಕೆ ಬಳಸುವ ಖನಿಜ) ವ್ಯಾಪಾರದಲ್ಲಿ ದುಡ್ಡು ಮಾಡಿದ ಕ್ರೊಯೇಷಿಯಾದ ಬಬುರಿಝಾ ಕೊಂಡುಕೊಂಡರು. ಚಿತ್ರಗಳಲ್ಲಿ ಹಳೆಯ ಬಂದರಿನ ನೋಟಗಳು ಚೆನ್ನಾಗಿವೆ. ಊರಿನ ಕಥೆ ಅಲ್ಲಿ ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ತುದಿ ಸುತ್ತಿ ಬರುವ ಹಡಗುಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುತ್ತಿದ್ದವು. ಇಂಗ್ಲಿಷರು, ಜರ್ಮನ್ನರು ಬಂದು ಗುಡ್ಡದ ಮೇಲೆ ಮನೆ ಕಟ್ಟಿದರು. 1906ರಲ್ಲಿ ಭೂಕಂಪ ಊರನ್ನು ಕೆಡವಿತು. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಬಹಳಷ್ಟು ಹಡಗುಗಳಿಗೆ ಈ ಕಡೆ ಬರುವ ಅಗತ್ಯವೇ ಉಳಿಯಲಿಲ್ಲ. ದುಡ್ಡಿದ್ದವರು ಊರು ಬಿಟ್ಟರು, ಮನೆಗಳು ಹಾಗೇ ಉಳಿದವು. ಹಾಗೆ ಉಳಿದದ್ದಕ್ಕೇ 2003ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಬಣ್ಣದ ಮನೆಗಳನ್ನು ಹತ್ತಿರದಿಂದ ನೋಡಿ. ಗೋಡೆಯ ಮೇಲೆ ಹೊದಿಸಿರುವುದು ಏರಿಳಿತದ ತಗಡು. ಒಳಗೆ ಮರದ ಚೌಕಟ್ಟು, ಮಣ್ಣಿನ ಇಟ್ಟಿಗೆ. ಹೊರಗೆ ಗಾಳಿ ಮಳೆಗೆ ಅಡ್ಡವಾಗಿ ತಗಡು. ಹಡಗಿನ ತಳಕ್ಕೆ ಭಾರಕ್ಕೆ ಅಂತ ತಂದ ತಗಡನ್ನೇ ಮನೆಗೆ ಬಳಸಿದರು, ಹಡಗಿಗೆ ಬಳಿದು ಉಳಿದ ಬಣ್ಣವನ್ನೇ ಅದಕ್ಕೂ ಬಳಿದರು ಅಂತ ಊರವರು ಹೇಳುತ್ತಾರೆ. ಮಲೆನಾಡಿನ ನಮಗೆ ಮಳೆಗಾಲದ ತಗಡು ಹೊಸದಲ್ಲ. ಅಮ್ಮ ಒಂದು ಹಳದಿ ಮನೆಯ ಗೋಡೆಯನ್ನು ಉಗುರಿನಲ್ಲಿ ತಟ್ಟಿ ನೋಡಿದಳು. ಕೆಳಗಿನ ಮೊಳೆಗಳ ಸುತ್ತ ತುಕ್ಕು ಹಿಡಿದು, ಹಳದಿ ಅಡಿಯಿಂದ ಹಸಿರು, ಹಸಿರಿನ ಅಡಿಯಿಂದ ನೀಲಿ ಇಣುಕುತ್ತಿತ್ತು. “ಉಪ್ಪುಗಾಳಿ ಕಣೇ, ಎಷ್ಟು ಬಳಿದರೂ ಸಾಕಾಗಲ್ಲ” ಅಂದಳು. ಸರಿಯಾದ ಮಾತು.

ಯುಗೊಸ್ಲಾವೊದಿಂದ ಅಲೆಗ್ರೆ ಗುಡ್ಡದ ಒಳಗೆ ನಿಧಾನ ನಡೆದರೆ ಕನ್ಸೆಪ್ಸಿಯೋನ್ ಗುಡ್ಡ ತಲುಪಬಹುದು. ಇದೇ ಎಲ್ಲರೂ ಫೋಟೊ ತೆಗೆಯುವ ಭಾಗ. ಪಿಯಾನೊ ಕೀಗಳ ಹಾಗೆ ಬಣ್ಣ ಬಳಿದ ಮೆಟ್ಟಿಲು, ಗೋಡೆಗೊಂದು ಚಿತ್ರ, ಬೀದಿಗೊಂದು ಕಾಫಿ ಅಂಗಡಿ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಜನ ಜಾಸ್ತಿ, ಕಾಫಿ ದುಬಾರಿ. ಪಸೆಯೊ ಡಿಮಾಲೊದಲ್ಲಿ ಮಾತ್ರ ಕೂತು ಬನ್ನಿ. ಲೂಥರನ್ ಚರ್ಚಿನ ಗೋಪುರ, ಅದರ ಹಿಂದೆ ಸಮುದ್ರ, ಎರಡೂ ಬೆಂಚಿನಿಂದಲೇ ಕಾಣುತ್ತವೆ. ಪಕ್ಕದಲ್ಲೇ ರೇನಾ ವಿಕ್ಟೋರಿಯಾ ಅಸೆನ್ಸೋರ್. ಚಿಕ್ಕದು, ಆದರೆ ಸಿಕ್ಕಾಪಟ್ಟೆ ಕಡಿದು. ಅಲ್ಲೊಂದು ಜಾರುಬಂಡೆ ಇದೆ, ಮಕ್ಕಳಿಗೆ ಅಂತ. ನಾನೂ ಜಾರಿದೆ. ಅಮ್ಮ ಸುಮ್ನೆ ಬೇರೆ ಕಡೆ ನೋಡಿದಳು.

ಪೊಲಾಂಕೊ ಅಂತ ಇನ್ನೊಂದು ಅಸೆನ್ಸೋರ್ ಇದೆ, ಅದು ನಿಜವಾದ ಲಿಫ್ಟ್. ಗುಡ್ಡದ ಹೊಟ್ಟೆಗೆ ನೂರೈವತ್ತು ಮೀಟರ್ ಹತ್ತಿರದ ಸುರಂಗ ಕೊರೆದಿದ್ದಾರೆ. ಅದರ ಕೊನೆಗೆ ನಡೆದು ಹೋಗಿ ನೇರ ಮೇಲಕ್ಕೆ ಏರುವುದು. ಮೇಲೆ ಗೋಪುರ, ಗೋಪುರದಿಂದ ಗುಡ್ಡಕ್ಕೆ ಸೇತುವೆ. ಯಂತ್ರಗಳ ಹುಚ್ಚು ಇದ್ದವರು ಬಿಡಬೇಡಿ. ಆ ಕಡೆಯ ಬೀದಿಗಳು ಅಷ್ಟು ನೆಮ್ಮದಿಯವಲ್ಲ. ಬೆಳಗಿನ ಹೊತ್ತು ಹೋಗಿ, ಮೊಬೈಲ್ ಒಳಗಿಡಿ.

ಚಿಲಿಯ ಕವಿ ಪಾಬ್ಲೊ ನೆರೂದಾ ಅವರ ಮನೆ ಲಾ ಸೆಬಾಸ್ಟಿಯಾನಾ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮನೆ ಫ್ಲೊರಿಡಾ ಗುಡ್ಡದ ಮೇಲೆ. ಮೊದಲು ಕಟ್ಟಲು ಹೊರಟಿದ್ದು ಸೆಬಾಸ್ಟಿಯಾನ್ ಕೊಯಾಡೊ. ಮುಗಿಸುವ ಮೊದಲೇ ಅವರು ತೀರಿಕೊಂಡರು, ಹೆಸರು ಮಾತ್ರ ಮನೆಗೆ ಉಳಿಯಿತು. ನೆರೂದಾ ಅರ್ಧಂಬರ್ಧ ಮನೆಯನ್ನು ಕೊಂಡು, ಮುಗಿಸಿ, 1961ರಲ್ಲಿ ಗೃಹಪ್ರವೇಶ ಮಾಡಿದರು. ಒಬ್ಬರಿಗೇ ದೊಡ್ಡದಾಯಿತು ಅಂತ ಸ್ನೇಹಿತರ ಜೊತೆ ಪಾಲು ಹಂಚಿಕೊಂಡರು. ಕೆಳಗಿನ ಮಹಡಿಗಳು ಸ್ನೇಹಿತರಿಗೆ, ಮೇಲಿನದೆಲ್ಲ ಇವರಿಗೆ. ಅಂದರೆ ಮೆಟ್ಟಿಲೆಲ್ಲ ಇವರ ಪಾಲಿಗೆ. ಈಗ ನಮ್ಮ ಪಾಲಿಗೆ! ಇಕ್ಕಟ್ಟಾದ ತಿರುವು ಮೆಟ್ಟಿಲು, ಲಿಫ್ಟ್ ಗಿಫ್ಟ್ ಏನೂ ಇಲ್ಲ. ಊಟದ ಮನೆ ಇರುವ ಮಹಡಿಯ ತನಕ ಬಂದು ಅಮ್ಮ ನಿಂತಳು. ಅಲ್ಲಿ ಪ್ಯಾರಿಸ್ಸಿನಿಂದ ತರಿಸಿದ ಮರದ ತಿರುಗುಕುದುರೆ ಇದೆ, ಕಿಟಕಿ ತುಂಬ ಸಮುದ್ರ ಇದೆ. ಅದಕ್ಕಿಂತ ಮೇಲೆ ಹತ್ತದಿದ್ದರೂ ನಷ್ಟವಿಲ್ಲ ಅಂತ ನನ್ನ ಲೆಕ್ಕ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಸೋಮವಾರ ರಜೆ. ಟಿಕೆಟ್ ಜೊತೆಗೆ ಕಿವಿಗೆ ಇಟ್ಟುಕೊಳ್ಳುವ ಆಡಿಯೊ ಕೊಡುತ್ತಾರೆ, ಇಂಗ್ಲಿಷೂ ಇದೆ. ಅಲ್ಲಿಗೆ ಹೋಗಲು 612 ನಂಬರಿನ ಬಸ್ಸು, ಅಥವಾ ಟ್ಯಾಕ್ಸಿ. ಬಸ್ಸು ಗುಡ್ಡದ ನಡುಮಟ್ಟದಲ್ಲಿ ಅವೆನಿಡಾ ಅಲೆಮಾನಿಯಾ ಹಿಡಿದು ಸುತ್ತುತ್ತದೆ. ಚಾಲಕರು ತಿರುವಿನಲ್ಲೂ ವೇಗ ಇಳಿಸುವುದಿಲ್ಲ, ಗಟ್ಟಿ ಹಿಡಿದುಕೊಳ್ಳಿ.

ಹತ್ತಿರದ ಬೆಯಾವಿಸ್ತಾ ಗುಡ್ಡದಲ್ಲಿ ತೆರೆದ ಬಯಲಿನ ಮ್ಯೂಸಿಯಂ ಇದೆ. 1992ರಲ್ಲಿ ಚಿಲಿಯ ದೊಡ್ಡ ಕಲಾವಿದರ 20 ಚಿತ್ರಗಳನ್ನು ಬೀದಿಯ ಗೋಡೆಗಳಿಗೆ ಏರಿಸಿದ್ದು. ಇಡೀ ದಾರಿ ಮೆಟ್ಟಿಲು, ಬಣ್ಣ ಮಾಸಿದೆ, ಮೇಲೆ ಯಾರ್ಯಾರೋ ಗೀಚಿದ್ದಾರೆ. ಬಿಟ್ಟರೂ ನಡೆಯುತ್ತದೆ.

ಕೆಳಗೆ ಪ್ಲಾನ್‌ನಲ್ಲಿ ಅಮ್ಮನಿಗೆ ಖುಷಿ ಕೊಟ್ಟಿದ್ದು ಟ್ರಾಲಿಬಸ್. ತಲೆಯ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು ಓಡುವ ಬಸ್ಸು. ಇಲ್ಲಿ 1952ರಿಂದ ಇದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ತಯಾರಾದ ಗಾಡಿಗಳು ಮೊನ್ನೆ ಮೊನ್ನೆಯ ತನಕ ದಿನನಿತ್ಯದ ಜನರನ್ನು ಹೊತ್ತಿವೆ, ಅವಕ್ಕೆ ಸ್ಮಾರಕದ ಪಟ್ಟವೂ ಸಿಕ್ಕಿದೆ. ಈಗಿನ ಗಾಡಿಗಳಲ್ಲಿ ಹೊಸವೂ ಇವೆ.  ಹೊಗೆ ಇಲ್ಲ, ಸದ್ದು ಕಮ್ಮಿ, ಏರು ಇಲ್ಲ. ತುದಿಯಿಂದ ತುದಿಗೆ ಸುಮ್ನೆ ಕೂತು ಹೋಗಿ ಬನ್ನಿ.

ಪ್ರಾಟ್ ಕಟ್ಟೆಯಿಂದ ಲಾಂಚಾ ದೋಣಿಗಳು ಬಂದರು ಸುತ್ತಿಸುತ್ತವೆ. ಸುಮಾರು ಅರ್ಧ ಗಂಟೆ. ದೋಣಿ ತುಂಬುವ ತನಕ ಹೊರಡುವುದಿಲ್ಲ, ಆಮೇಲೆ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್. ಕಂಟೇನರ್ ಹಡಗುಗಳ ಬುಡದಲ್ಲೇ ಹಾದು, ನೌಕಾಪಡೆಯ ಹಡಗು ತೋರಿಸಿ, ಕಡಲಸಿಂಹಗಳು ಮಲಗಿರುವ ಬೋಯಾದ (ನೀರಲ್ಲಿ ತೇಲುವ ಗುರುತಿನ) ಹತ್ತಿರ ನಿಲ್ಲಿಸುತ್ತಾರೆ. ವಾಸನೆಗೆ ಸೆರಗು ಮೂಗಿಗೆ. ಆದರೆ ಬೆಟ್ಟದೂರು ಒಟ್ಟಿಗೆ ಕಾಣುವುದು ನೀರಿನಿಂದಲೇ, ಅದೂ ಒಂದು ಮೆಟ್ಟಿಲನ್ನೂ ಹತ್ತದೆ. ದೋಣಿಗೆ ಇಳಿಯುವಾಗ ಹುಡುಗರು ಕೈ ಹಿಡಿದು ಇಳಿಸಿಕೊಂಡರು. ದಡಕ್ಕೆ ಬಂದರೆ ಬೀದಿಗಳಲ್ಲಿ ಸುನಾಮಿ ಬಂದಾಗ ಯಾವ ಕಡೆ ಓಡಬೇಕು ಅನ್ನುವ ಫಲಕಗಳು. ಎಲ್ಲ ಬಾಣವೂ ಗುಡ್ಡದ ಕಡೆಗೇ.

ಊಟದ ವಿಷಯ. ನಾವು ಸಸ್ಯಾಹಾರಿಗಳು. ಊರಿನ ಹೆಸರಾಂತ ತಿಂಡಿ ಚೊರಿಯಾನಾ: ಆಲೂಗಡ್ಡೆ ಫ್ರೈ ಗುಡ್ಡೆಯ ಮೇಲೆ ಹುರಿದ ಈರುಳ್ಳಿ, ಮೊಟ್ಟೆ, ದನದ ಮಾಂಸ. ನಮಗಲ್ಲ. ಎಂಪನಾಡಾ ಅಂದರೆ ಒಳಗೆ ಹೂರಣ ತುಂಬಿದ ಕಡುಬಿನಂಥದ್ದು. ಅದರಲ್ಲಿ ‘ಕೇಸೊ’ ಅಂದರೆ ಚೀಸ್, ‘ಪಿನೊ’ ಅಂದರೆ ಮಾಂಸ. ಬೀದಿಯಲ್ಲಿ ಕರಿಯುವ ಸೊಪೈಪಿಯಾ ಸಿಹಿಗುಂಬಳ ಮತ್ತು ಮೈದಾದ್ದು, ನೋಡಿದರೆ ಬಾಯಲ್ಲಿ ನೀರು. ಆದರೆ ಹಿಟ್ಟಿಗೆ ‘ಮಾಂತೆಕಾ’ ಹಾಕುವುದುಂಟು, ಅದು ಹಂದಿ ಕೊಬ್ಬೂ ಇರಬಹುದು. ಎಂಪನಾಡಾದ ಹಿಟ್ಟಿಗೂ ಅಷ್ಟೇ. ಕಟ್ಟುನಿಟ್ಟಿನವರು ಕೇಳಿ ತಿನ್ನಿ. ನಾವು ಮರಾಕೆತಾ ಬ್ರೆಡ್ಡು, ಬೆಣ್ಣೆಹಣ್ಣು, ಅದರ ಮೇಲೆ ಪೆಬ್ರೆ ಹಾಕಿಕೊಂಡು ಹೊಟ್ಟೆ ತುಂಬಿಸಿಕೊಂಡೆವು. ಪೆಬ್ರೆ ಅಂದರೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಮೆಣಸಿನಕಾಯಿ ಸಣ್ಣಗೆ ಹೆಚ್ಚಿದ್ದು. ಅಮ್ಮ ಬಟ್ಟಲು ಖಾಲಿ ಮಾಡಿ ಇನ್ನೊಂದು ಕೇಳಿಸಿದಳು. ಕುಡಿಯಲು ಮೋತೆ ಕೊನ್ ಹುಯೆಸಿಯೊ, ಬೇಯಿಸಿದ ಗೋಧಿ ಮತ್ತು ಒಣ ಪೀಚ್ ಹಣ್ಣಿನ ತಣ್ಣನೆ ಪಾನಕ. ಸಿಹಿ ಸ್ವಲ್ಪ ಜಾಸ್ತಿ.

ಕೊರತೆಗಳೂ ಇವೆ. ಮೆಟ್ಟಿಲ ಮೂಲೆಗಳಲ್ಲಿ ಮೂತ್ರದ ನಾತ. ಬೀದಿನಾಯಿಗಳು ಸಾಧು, ಜನ ಅನ್ನ ಹಾಕಿ ಸಾಕುತ್ತಾರೆ, ಆದರೆ ಕಾಲಿಡುವ ಮೊದಲು ಕೆಳಗೆ ನೋಡಿ. ಬಂದರಿನ ಹಳೇ ಕೇರಿಯಲ್ಲಿ ಕತ್ತಲಾದ ಮೇಲೆ ಓಡಾಡಬೇಡಿ. ಬೆನ್ನ ಮೇಲೆ ಏನೋ ಬಿದ್ದಿದೆ, ಒರೆಸುತ್ತೇನೆ ಅಂತ ಯಾರಾದರೂ ಬಂದರೆ ನಿಲ್ಲಬೇಡಿ, ಅದು ಜೇಬಿಗೆ ಕೈ ಹಾಕುವ ಉಪಾಯ. ಬೇಸಿಗೆಯಲ್ಲೂ ಮಧ್ಯಾಹ್ನದ ತನಕ ಮಂಜು ಮುಸುಕುವುದುಂಟು, ಸ್ವೆಟರ್ ಇರಲಿ. ಇನ್ನು ನಾವು ಉಳಿದ ಅತಿಥಿಗೃಹದವರು ‘ಅಸೆನ್ಸೋರ್ ಪಕ್ಕದಲ್ಲೇ’ ಅಂತ ಹಾಕಿದ್ದರು. ನಿಜವೇ. ಕೋಣೆ ಮಾತ್ರ ಮೂರನೇ ಮಹಡಿಯಲ್ಲಿ, ಏಣಿಯಷ್ಟು ಕಡಿದಾದ ಮರದ ಮೆಟ್ಟಿಲು. ಕೇಳಿದ್ದಕ್ಕೆ, ಎಲ್ಲ ಮನೆಯೂ ಹೀಗೇ ಅಂದರು. ಕಾಯ್ದಿರಿಸುವ ಮೊದಲು ಬಾಗಿಲಿನಿಂದ ಹಾಸಿಗೆಯ ತನಕ ಎಷ್ಟು ಮೆಟ್ಟಿಲು ಅಂತ ಬರೆದು ಕೇಳಿ.

ಸ್ಯಾಂಟಿಯಾಗೊದ ಪಹಾರಿತೋಸ್ ನಿಲ್ದಾಣದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ಮೇಲೆ ಹಿಡಿಯುತ್ತದೆ. ದಾರಿಯಲ್ಲಿ ಎರಡು ಸುರಂಗ, ಕಾಸಾಬ್ಲಾಂಕಾ ಕಣಿವೆಯ ದ್ರಾಕ್ಷಿ ತೋಟ. ಬೆಳಗ್ಗೆ ಹೋಗಿ ಸಂಜೆ ಬರುವವರೇ ಜಾಸ್ತಿ. ಮಂಡಿ ನೋವಿನವರಿಗೆ ಅದು ಆಗದ ಮಾತು, ಒಂದು ರಾತ್ರಿ ಉಳಿಯಿರಿ. ಪಕ್ಕದ ವಿನ್ಯಾ ದೆಲ್ ಮಾರ್ ಕಡಲತೀರಕ್ಕಾಗಿ ದಿನ ಹಾಳು ಮಾಡಬೇಡಿ, ನೀರು ಕಾಲಿಡಲಾರದಷ್ಟು ಕೊರೆಯುತ್ತದೆ. ಅಲ್ಲಿಗೆ ಹೋಗುವ ರೈಲು ಮಾತ್ರ ಸಮುದ್ರದ ಪಕ್ಕದಲ್ಲೇ ಓಡುತ್ತದೆ, ಹೊತ್ತಿದ್ದರೆ ಹತ್ತಿ. ಭಾನುವಾರ ಸಂಜೆಯ ವಾಪಸ್ ಬಸ್ಸಿಗೆ ಮಾತ್ರ ಬಂದಿಳಿದ ಕೂಡಲೇ ಟಿಕೆಟ್ ತೆಗೆದಿಡಿ. ಸ್ಯಾಂಟಿಯಾಗೊಕ್ಕೆ ಸ್ಯಾಂಟಿಯಾಗೊವೇ ಆಗ ವಾಪಸ್ ಹೊರಟಿರುತ್ತದೆ.